ಆಲಿಕಲ್ಲಿನ ಮೇಲೆ ಅಕ್ಕನ ಕಾಲು

ಮೊನ್ನೆ ರಜೆಯಲ್ಲಿ ನೀವೆಲ್ಲ ದೊಡ್ಡಜ್ಜನ ಮನೆಯ ಜಗಲಿಯಲ್ಲಿ ಕೂತು ಕತೆ ಕೇಳಿ ಬಂದಿರಿ. ಗುಡ್ಡದ ಮೇಲೆ ಆಲಿಕಲ್ಲು ಬಿದ್ದು ನೆಲವೆಲ್ಲ ಬೆಳ್ಳಗಾಗಿತ್ತಂತೆ, ದೊಡ್ಡಜ್ಜಿ ಅದರ ಮೇಲೆ ಬರಿಗಾಲಲ್ಲಿ ಹೂವಿನ ಮೇಲೆ ನಡೆದ ಹಾಗೆ ನಡೆದರಂತೆ, ಅದೆಲ್ಲ ಭಕ್ತಿಯ ಬಲವಂತೆ. ನಿಮ್ಮಲ್ಲಿ ಚಿಕ್ಕವಳು ಬಂದು ನನ್ನ ಸೆರಗು ಹಿಡಿದು ಕೇಳಿದಳು, "ಅಜ್ಜಿ, ನೀವು ಮಾತ್ರ ಹೆದರ್ಕೊಂಡು ಅರ್ಧ ದಾರೀಲೇ ವಾಪಸ್ ಬಂದ್ರಂತೆ, ಹೌದಾ?"

ನಾನು ಅಕ್ಕಿ ಆರಿಸುತ್ತಿದ್ದೆ. "ವಾಪಸ್ ಬಂದಿದ್ದು ಹೌದು" ಎಂದು ಹೇಳಿ ಮೊರ ಕೊಡವಿದೆ. ಮಕ್ಕಳ ಮುಂದೆ ಹಿರಿಯರನ್ನು ಸುಳ್ಳು ಮಾಡುವುದು ನನ್ನಿಂದ ಆಗುವುದಿಲ್ಲ. ಸಿಟ್ಟು ಬಂದರೆ ನನಗೆ ಮಾತು ಜೋಡಿಸಲು ಬರುವುದಿಲ್ಲ. ಆದರೆ ಬರೆಯಲು ಬರುತ್ತದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತಿದ್ದೇನೆ, ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಆ ದಿನ ಗುಡ್ಡದಲ್ಲಿ ಏನಾಯಿತು ಎಂದು ಬರೆದಿಡುತ್ತೇನೆ. ಓದಿದ ಮೇಲೆ ಯಾರ ಕತೆಯನ್ನು ನಂಬಬೇಕೋ ನೀವೇ ನೋಡಿಕೊಳ್ಳಿ.

ದೊಡ್ಡಜ್ಜ ಎಂದರೆ ನಿಮ್ಮ ಅಜ್ಜನ ಅಣ್ಣ, ನನಗೆ ಬಾವ. ದೊಡ್ಡಜ್ಜಿ ನನಗೆ ಓರಗಿತ್ತಿ. ನಾನು ಮದುವೆಯಾಗಿ ಬಂದ ದಿನದಿಂದ ಅವರನ್ನು ಅಕ್ಕ ಎಂದೇ ಕರೆದಿದ್ದು. ಎರಡು ಮನೆಗಳ ನಡುವೆ ಇರುವುದು ಕಾಫಿ ಒಣಗಿಸುವ ಕಣ ಮಾತ್ರ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು ಬರುತ್ತದೆ. ಇಷ್ಟು ಹತ್ತಿರವಿದ್ದೂ ಆ ದಿನದವರೆಗೆ ನಾನು ಬಾವನ ಎದುರು ನಿಂತು ನೇರ ಮಾತಾಡಿದವಳಲ್ಲ. ನಮ್ಮ ಕಾಲದ ರೂಢಿ ಹಾಗಿತ್ತು. ಬಾವನಿಗೆ ಏನಾದರೂ ಹೇಳಬೇಕಾದರೆ ಅಕ್ಕನ ಕಡೆ ತಿರುಗಿ ಸ್ವಲ್ಪ ಗಟ್ಟಿಯಾಗಿ ಹೇಳುವುದು. ಅವರು ಕೇಳಿಸಿಕೊಂಡು, ಅಕ್ಕನ ಕಡೆ ತಿರುಗಿ ನನಗೆ ಉತ್ತರ ಕೊಡುವುದು. ಅಕ್ಕ ನಡುವೆ ಗೋಡೆಯ ಹಾಗೆ ನಿಂತು ನಗುತ್ತಿದ್ದರು.

ಕಾಫಿ ಗಿಡದಲ್ಲಿ ಮೊಗ್ಗು ಕಡ್ಡಿಯಂತೆ ಚೂಪಾಗಿ ನಿಂತು, ಅದನ್ನು ಅರಳಿಸುವ ಹೂಮಳೆಗೆ ಕಾಯುವ ಕಾಲ ನಿಮಗೆ ಗೊತ್ತೇ ಇದೆ. ಕೆರೆ ಇರುವವರು ಸ್ಪ್ರಿಂಕ್ಲರ್ ಹೊಡೆಸಿ ಹೂ ಬಿಡಿಸಿಕೊಳ್ಳುತ್ತಾರೆ. ನಮ್ಮದು ಏರು ಜಾಗ, ನೀರಿಲ್ಲ, ಆಕಾಶ ನೋಡಿಕೊಂಡೇ ಕೂರಬೇಕು. ಆ ಹೊತ್ತಿಗೆ ನಮ್ಮ ಮನೆಗಳವರು ಬಾವಿಯ ನೀರನ್ನು ತಾಮ್ರದ ತಂಬಿಗೆಯಲ್ಲಿ ತುಂಬಿಕೊಂಡು ಹೋಗಿ ಗುಡ್ಡದ ನೆತ್ತಿಯಲ್ಲಿರುವ ಕಲ್ಲಿಗೆ ಹೊಯ್ದು ಬರುತ್ತಾರೆ. ಮಳೆ ಕೇಳೋಕೆ ಹೋಗೋದು ಎನ್ನುತ್ತಾರೆ. ಅದಕ್ಕೆ ಕಟ್ಟುಪಾಡುಗಳಿವೆ. ಕಾಲಿಗೆ ಚಪ್ಪಲಿ ಕೂಡದು. ಕೊಡೆ ಒಯ್ಯುವಂತಿಲ್ಲ, ಕರೆಯಲು ಹೋದವರೇ ಕೊಡೆ ಬಿಚ್ಚಿದರೆ ಮಳೆಗೆ ಅವಮಾನವಂತೆ. ಹಿರಿಯ ಮುತ್ತೈದೆ ತಂಬಿಗೆ ಹಿಡಿದು ಮುಂದೆ ನಡೆಯಬೇಕು. ಗಂಡ ಹೋದವಳು ಎಲ್ಲರಿಗಿಂತ ಹಿಂದೆ ಬರಬೇಕು, ಅವಳ ನೆರಳು ಆ ನೀರಿನ ಮೇಲೆ ಬೀಳಬಾರದು.

ನಿಮ್ಮ ಅಜ್ಜ ಹೋದ ಮೇಲೆ ನಾನು ಹಿಂದೆ ನಡೆಯುವವಳಾದೆ. ತಂಬಿಗೆ ಮುಟ್ಟುವಂತಿಲ್ಲ. ಆದರೆ ತೆಂಗಿನಕಾಯಿ, ಬಾಳೆಹಣ್ಣಿನ ಚಿಪ್ಪು, ಎಲ್ಲರ ಅವಲಕ್ಕಿ ಡಬ್ಬ, ನೀರಿನ ಬಾಟಲಿ, ಜಾಗಟೆ, ಕಲ್ಲಿಗೆ ಉಡಿಸುವ ಕೆಂಪಂಚಿನ ಪಂಚೆ, ಇಷ್ಟೂ ತುಂಬಿದ ಚೀಲ ಹೊರಬಹುದು. ಭಾರ ಹೊರುವುದಕ್ಕೆ ನನ್ನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಕಲ್ಲಿಗೆ ಉಡಿಸಿ ತೆಗೆದ ಪಂಚೆಯನ್ನು ಪ್ರಸಾದವೆಂದು ಬಾವ ವರ್ಷವಿಡೀ ಉಡುತ್ತಾರೆ. ಅದನ್ನು ಹೊತ್ತು ತರುವವಳ ನೆರಳು ಅದರ ಮೇಲೆ ಬಿದ್ದದ್ದು ಯಾರಿಗೂ ತೊಂದರೆ ಮಾಡಿದ್ದು ಕಾಣೆ.

ನಾನು ಹೇಳುವ ವರ್ಷ, ಅಂದರೆ ಐದಾರು ವರ್ಷದ ಕೆಳಗೆ, ಶಿವರಾತ್ರಿ ಕಳೆದರೂ ಹನಿ ಬಿದ್ದಿರಲಿಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ ಆಗಲೇ ಹಳೆಯದಾಗಿತ್ತು. ಮಾತ್ರೆ ನುಂಗುತ್ತಿದ್ದರು, ಮೇಲೆ ಹೋಳಿಗೆಯನ್ನೂ ನುಂಗುತ್ತಿದ್ದರು. ಗುಡ್ಡಕ್ಕೆ ಹೋಗುವ ಸ್ವಲ್ಪ ದಿನ ಮೊದಲು ಒಂದು ಬೆಳಿಗ್ಗೆ ನಾನು ಅವರ ಬಚ್ಚಲಿಗೆ ಹೋದಾಗ ಚರ್ಮ ಸುಟ್ಟ ವಾಸನೆ ಬಂತು. ಹಂಡೆ ಒಲೆಯಿಂದ ಉದುರಿದ ಕೆಂಡದ ಮೇಲೆ ಅಕ್ಕ ನಿಂತಿದ್ದರು. ನಿಂತುಕೊಂಡು ನನ್ನ ಹತ್ತಿರ ಹಲಸಿನ ಗುಜ್ಜೆಯ ಪಲ್ಯದ ವಿಷಯ ಮಾತಾಡುತ್ತಿದ್ದರು. ನಾನು ತಳ್ಳಿದ ಮೇಲೆಯೇ ಅವರು ಕೆಳಗೆ ನೋಡಿದ್ದು.

"ಅಕ್ಕ, ಉರಿ ಗೊತ್ತಾಗ್ಲಿಲ್ವಾ?"

"ಎಂತದೋ ಮೆತ್ತಗೆ ಅನ್ನಿಸ್ತು ಕಣೇ. ಅವ್ರಿಗೆ ಹೇಳ್ಬೇಡ ಮಾರಾಯ್ತಿ. ಆಮೇಲೆ ನನ್ನ ತಂಬಿಗೆಗೂ ಕಲ್ಲು ಹಾಕ್ತಾರೆ."

ತಂಬಿಗೆ ಹಿಡಿಯುವುದು ಅಕ್ಕನಿಗೆ ವರ್ಷದಲ್ಲಿ ಸಿಗುವ ಒಂದೇ ಗೌರವ. ಆ ಒಂದು ದಿನ ಬಾವ ಅವರ ಹಿಂದೆ ನಡೆಯುತ್ತಾರೆ. ಉಳಿದ ದಿನಗಳ ಲೆಕ್ಕ ನಿಮಗೆ ಹೇಳಬೇಕಾಗಿಲ್ಲ, ಆ ಮನೆಯ ಊಟದ ಹೊತ್ತನ್ನು ನೀವೂ ನೋಡಿದ್ದೀರಿ.

ಗುಡ್ಡಕ್ಕೆ ಹೊರಟವರು ನಾವು ಐದು ಜನ. ಬಾವ, ಅಕ್ಕ, ಕೆಳಮನೆಯ ಅಣ್ಣತಮ್ಮಂದಿರಿಬ್ಬರು, ಹಿಂದೆ ನಾನು. ನಿಮ್ಮ ಅಪ್ಪನಿಗೆ ತೋಟದಲ್ಲಿ ಮೆಣಸಿನ ಕೊಯ್ಲಿತ್ತು, ಬರಲಿಲ್ಲ. ಎಸ್ಟೇಟ್ ರಸ್ತೆ ಮುಗಿಯುವಲ್ಲಿ ಬಾವ ಜೀಪು ನಿಲ್ಲಿಸಿದರು. ಎಲ್ಲರೂ ಚಪ್ಪಲಿ ಜೀಪಿನಲ್ಲೇ ಬಿಟ್ಟರು. ನಾನು ರೂಢಿಯಂತೆ ಅಕ್ಕನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ, "ಅಕ್ಕ, ನಿಮ್ ಕಾಲಿಗೆ ಮೊನ್ನೆ ಪೆಟ್ಟಾಗಿದೆ. ಚಪ್ಪಲಿ ಹಾಕ್ಕೊಂಡೇ ಬನ್ನಿ. ದೇವರು ಎಂತ ಅನ್ಕೊಳ್ಳಲ್ಲ."

ಬಾವ ಅಕ್ಕನನ್ನು ಕೇಳಿದರು, "ಎಂತಾಗಿದೆ ಕಾಲಿಗೆ?"

"ಎಂತಾ ಇಲ್ಲ" ಎಂದರು ಅಕ್ಕ. ನನ್ನ ಕಡೆ ಕಣ್ಣು ದೊಡ್ಡದು ಮಾಡಿದರು.

"ಎಂತಾ ಇಲ್ವಂತೆ" ಎಂದರು ಬಾವ, ಜೀಪಿನ ಬಾಗಿಲಿಗೆ. ಅಷ್ಟಕ್ಕೆ ಆ ಮಾತು ಮುಗಿಯಿತು.

ಶೋಲ ಕಾಡಿನೊಳಗೆ ದಾರಿ ತಂಪು, ತರಗೆಲೆ ಕಾಲಿಗೆ ಹಾಸಿಗೆಯ ಹಾಗೆ. ಕಾಡಿನಿಂದ ಹೊರಬಿದ್ದರೆ ಬೋಳು ಹುಲ್ಲುಗುಡ್ಡ. ಅಲ್ಲಿಂದ ಮೇಲೆ ಹಾಸುಬಂಡೆ, ಅದರ ಆಚೆ ನೆತ್ತಿ. ಹುಲ್ಲೆಲ್ಲ ಒಣಗಿ ಬೆಂಕಿಕಡ್ಡಿಯಂತಿತ್ತು, ನಡುನಡುವೆ ಕಾಳ್ಗಿಚ್ಚು ಸುಟ್ಟ ಕಪ್ಪು ಜಾಗ. ಸೆಖೆ ಎಂದರೆ ಕತ್ತು ಹಿಸುಕುವಂಥ ಸೆಖೆ. ಪಡುವಣ ಕಡೆ ಕಡುನೀಲಿ ಮೋಡ ಏಳುತ್ತಿತ್ತು. ಬಾವನಿಗೆ ಬಹಳ ಸಂತೋಷವಾಯಿತು.

"ಕೇಳೋದ್ರೊಳಗೇ ಓಗೊಟ್ಟಿದೆ ನೋಡ್ರೋ" ಎಂದರು.

ಅವರು ಹಾಗೆ ಹೇಳಿ ಮುಗಿಸುವುದರೊಳಗೆ ಗಾಳಿ ತಣ್ಣಗಾಯಿತು. ನನ್ನ ತೋಳಿನ ರೋಮ ನಿಂತಿತು. ಮಳೆಗೆ ಮುಂಚಿನ ತಂಪು ನನಗೆ ಗೊತ್ತು. ಇದು ಅದಲ್ಲ, ಫ್ರಿಜ್ಜಿನ ಬಾಗಿಲು ತೆರೆದ ಹಾಗಿತ್ತು. ಮೊದಲು ಒಂದೊಂದೇ ಬಿತ್ತು, ಯಾರೋ ಮೇಲೆ ನಿಂತು ಕಲ್ಲು ಎಸೆದಂತೆ. ಕೆಳಮನೆಯ ದೊಡ್ಡವನ ಬೋಳುತಲೆಗೆ ಒಂದು ಬಿದ್ದು ಅವನು ಕುಕ್ಕರಗಾಲಲ್ಲಿ ಕೂತುಬಿಟ್ಟ. ಆಮೇಲೆ ಒಮ್ಮೆಲೇ ಸುರಿಯಿತು. ಬೆಟ್ಟದ ನೆಲ್ಲಿಕಾಯಿ ಗಾತ್ರದ ಆಲಿಕಲ್ಲು. ಒಂದು ಚಾಚುಬಂಡೆಯ ಕೆಳಗೆ ನುಗ್ಗಿ ನಿಂತೆವು. ಅಲ್ಲಿಯೂ ನಾನು ತಂಬಿಗೆಯಿಂದ ದೂರ ನಿಲ್ಲಬೇಕಾಗಿ ಬಂದು ನನ್ನ ಬಲಭುಜ ಹೊರಗೇ ಇತ್ತು. ಅದರ ನೀಲಿ ಗುರುತು ಯುಗಾದಿ ಕಳೆದ ಮೇಲೂ ಇತ್ತು.

ಆಲಿಕಲ್ಲು ಬೀಳುವುದು ನಿಂತ ಮೇಲೆ ಹೊರಗೆ ಬಂದು ನೋಡಿದರೆ ಗುಡ್ಡ ಗುಡ್ಡವೇ ಬೆಳ್ಳಗಾಗಿತ್ತು. ಹುಲ್ಲಿನ ಬುಡದಲ್ಲಿ, ಬಂಡೆಯ ಸಂದಿನಲ್ಲಿ, ಕಾಲುದಾರಿಯ ತಗ್ಗಿನಲ್ಲಿ ಹಿಮ್ಮಡಿ ಮುಳುಗುವಷ್ಟು ಆಲಿಕಲ್ಲು. ಕೆಳಗಿನ ನೆಲ ಇನ್ನೂ ಕಾದಿದ್ದರಿಂದ ಹಬೆ ಏಳುತ್ತಿತ್ತು. ಹತ್ತು ಮಾರು ಮುಂದೆ ದಾರಿ ಯಾವುದು ಬಂಡೆಯ ಅಂಚು ಯಾವುದು ಎಂದು ಹೇಳುವಂತಿರಲಿಲ್ಲ.

ಕೆಳಮನೆಯ ಚಿಕ್ಕವನು ಮೊಬೈಲು ತೆಗೆದು ಫೋಟೋ ಹಿಡಿಯತೊಡಗಿದ. "ಕಾಶ್ಮೀರಕ್ಕೆ ಹೋಗೋದು ತಪ್ತು ಮಾರಾಯ. ಅತ್ತಿಗೆ, ಹೀಗೆ ನಿಲ್ಲಿ, ನಮ್ ಮನೆಯವ್ಳಿಗೆ ಹೊಟ್ಟೆ ಉರಿಸ್ತೀನಿ."

ನಾನು ಹಿಮ ನೋಡಿದವಳಲ್ಲ. ನಿಮ್ಮ ಮೊಬೈಲಿನಲ್ಲಿ ನೋಡಿದ್ದೇನೆ. ಜನ ಅದರ ಮೇಲೆ ಬಿದ್ದು ನಗುತ್ತಿರುತ್ತಾರೆ. ಅವರ ಕಾಲಲ್ಲಿ ಮೊಣಕಾಲು ಮುಟ್ಟುವ ಬೂಟು ಇರುತ್ತದೆ, ಕೈಯಲ್ಲಿ ಕೋಲಿರುತ್ತದೆ. ನಮ್ಮ ಐದು ಜನರಲ್ಲಿ ಒಬ್ಬರ ಕಾಲಿಗೂ ಒಂದು ಹವಾಯಿ ಚಪ್ಪಲಿ ಇರಲಿಲ್ಲ.

ನಾನು ಅಕ್ಕನಿಗೆ ಹೇಳಿದೆ, "ಅಕ್ಕ, ಇಲ್ಲಿಂದ ತಿರುಗೋದು ಒಳ್ಳೇದು. ತಂಬಿಗೆ ನೀರು ಇಲ್ಲೇ ಬಂಡೆಗೆ ಹೊಯ್ದು ಕೈ ಮುಗಿಯಾಣ. ದಾರಿ ಕಾಣ್ತಾ ಇಲ್ಲ."

ಬಾವ ಅಕ್ಕನ ಕಡೆ ತಿರುಗಿ ಹೇಳಿದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ. "ಮಳೆ ಕೇಳೋಕೆ ಹೊರಟವರು ಮಳೆ ಬಂತು ಅಂತ ತಿರುಗಿದ್ರೆ, ಆ ಮಳೆ ನಮ್ಮನ್ನ ಎಂತ ಅನ್ಕೊಳ್ಳುತ್ತೆ?"

ಕೆಳಮನೆಯವರಿಬ್ಬರೂ ತಲೆದೂಗಿದರು. ನನಗೆ ಇವತ್ತಿಗೂ ಆ ತಲೆದೂಗಿದ್ದು ನೆನಪಾದರೆ ಕೈಯಲ್ಲಿದ್ದ ಪಾತ್ರೆ ಜೋರಾಗಿ ಇಡುತ್ತೇನೆ. ಮಳೆ ಏನಂದುಕೊಳ್ಳುತ್ತದೆ ಎಂದು ಯೋಚಿಸಲು ಮೂರು ಗಂಡಸರಿದ್ದರು. ಹೆಂಗಸಿನ ಕಾಲು ಏನಾಗುತ್ತದೆ ಎಂದು ಯೋಚಿಸಲು ಒಬ್ಬರಿಗೂ ಬಿಡುವಿರಲಿಲ್ಲ.

ದಾರಿ ಹುಡುಕಬೇಕೆಂದು ಈಗ ಗಂಡಸರು ಮುಂದಾದರು. ಬಾವ ಹುಲ್ಲಿಗೆ ಕೋಲು ಚುಚ್ಚಿ ನೋಡುತ್ತಾ ಮೊದಲು, ಅವರ ಹಿಂದೆ ಕೆಳಮನೆಯವರು, ಆಮೇಲೆ ತಂಬಿಗೆ ಹಿಡಿದ ಅಕ್ಕ, ಕೊನೆಗೆ ನಾನು. ಹೊಸದಾಗಿ ಬಿದ್ದ ಆಲಿಕಲ್ಲಿನ ಮೇಲೆ ನಡೆಯುವುದು ಎಂದರೆ ನೆಲದ ಮೇಲೆ ಚೆಲ್ಲಿದ ಕಾಳುಮೆಣಸಿನ ಮೇಲೆ ನಡೆದಂತೆ, ಕಾಲಿಟ್ಟ ಕೂಡಲೇ ಉರುಳಿ ಜಾರುತ್ತದೆ. ತಗ್ಗಿನಲ್ಲಿ ರಾಶಿಬಿದ್ದ ಕಡೆ ಕಾಲು ಹೂತುಹೋಗುತ್ತದೆ. ಬಂಡೆಯ ಮೇಲಿನದು ಇನ್ನೂ ಕೆಟ್ಟದ್ದು, ಅಡಿಯಲ್ಲಿ ಕರಗಿ ನೀರಾಗಿ ಎಣ್ಣೆ ಸುರಿದಂತಿರುತ್ತದೆ. ನನ್ನ ಕಾಲು ಮೊದಲು ಉರಿಯಿತು, ಆಮೇಲೆ ಮೂಳೆ ನೋಯಿತು, ಆಮೇಲೆ ಬೆರಳುಗಳು ನನ್ನವಲ್ಲ ಅನ್ನಿಸಿತು. ಕೆಳಮನೆಯವರು ಕೆಂಡದ ಮೇಲೆ ಬಿಟ್ಟ ಕೋಳಿಗಳ ಹಾಗೆ ಕುಣಿಯುತ್ತಿದ್ದರು. ಬಾವನೂ ತುಟಿ ಕಚ್ಚಿ ಕಾಲು ಎತ್ತೆತ್ತಿ ಇಡುತ್ತಿದ್ದರು.

ಅಕ್ಕ ಮಾತ್ರ ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದರು. ತಂಬಿಗೆಯ ನೀರು ತುಳುಕಲಿಲ್ಲ.

ಬಾವ ತಿರುಗಿ ನೋಡಿ ನಿಂತರು. ಅವರ ಮುಖದಲ್ಲಿ ಅಂಥ ಮೆಚ್ಚುಗೆಯನ್ನು ನಾನು ಅದಕ್ಕೆ ಮೊದಲು ಕಾಫಿಹಣ್ಣು ಸುಲಿಯುವ ಒಂದು ಹೊಸ ಪಲ್ಪಿಂಗ್ ಮಿಷನ್ನಿನ ಮುಂದೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. "ನೋಡ್ರೋ, ನೋಡಿ ಕಲ್ತುಕೊಳ್ಳಿ. ಗಂಡಸರು ಕುಣೀತಿದೀರಿ. ಭಕ್ತಿ ಅಂದ್ರೆ ಅದು. ಅವಳಿಗೆ ಚಳೀನೇ ತಾಗ್ತಾ ಇಲ್ಲ."

"ಅತ್ತಿಗೆ ಮೈಮೇಲೆ ಬಂದಿದೆ ಅಂತ ಕಾಣುತ್ತೆ ಅಣ್ಣ" ಎಂದ ಕೆಳಮನೆಯ ದೊಡ್ಡವನು, ಕೈ ಮುಗಿದ.

ಅಕ್ಕ ನೆಲ ನೋಡುತ್ತಾ ನಕ್ಕರು. ಹೊಸ ಮದುಮಗಳ ಹಾಗೆ ಕೆನ್ನೆ ಕೆಂಪಾಯಿತು. ಇನ್ನೂ ನೆಟ್ಟಗೆ ನಡೆಯತೊಡಗಿದರು.

ಭಕ್ತಿ ಅಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಚ್ಚಲಿನ ವಾಸನೆ ನನ್ನ ಮೂಗಿನಲ್ಲಿತ್ತು. ಮುಂದಿದ್ದವರಿಗೆ ಅಕ್ಕನ ಮುಖ ಕಾಣುತ್ತಿತ್ತು. ಸೀರೆಯ ಅಂಚು ಕಾಲನ್ನು ಮುಚ್ಚಿತ್ತು. ಹಿಂದೆ ಇದ್ದ ನನಗೆ ಅವರು ಕಾಲೆತ್ತಿದ ಮೇಲೆ ಉಳಿಯುವ ಹೆಜ್ಜೆ ಕಾಣುತ್ತಿತ್ತು. ಹಾಸುಬಂಡೆಗೆ ಹತ್ತುವ ತಿರುವಿನಲ್ಲಿ ಬಲಗಾಲಿನ ಹೆಜ್ಜೆಯೊಳಗೆ ಗುಲಾಬಿ ಬಣ್ಣ ಕಂಡಿತು. ಕುಂಕುಮ ಚೆಲ್ಲಿರಬೇಕು ಎಂದುಕೊಂಡೆ. ಮುಂದಿನ ಹೆಜ್ಜೆಯಲ್ಲಿ ಕೆಂಪು. ಅದರ ಮುಂದಿನದರಲ್ಲಿ ಇನ್ನೂ ಕೆಂಪು, ಬಿಳಿಯ ಮೇಲೆ ಎಂಥವರಿಗೂ ಕಾಣುವಂತೆ. ಅಕ್ಕ ನಡೆಯುತ್ತಲೇ ಇದ್ದರು.

"ಬಾವ, ನಿಲ್ಲಿ."

ಅದು ನನ್ನ ಧ್ವನಿ ಎಂದು ನನಗೇ ನಂಬಿಕೆಯಾಗಲಿಲ್ಲ. ನೇರವಾಗಿ ಅವರನ್ನೇ ಕರೆದಿದ್ದೆ. ಬಾವ ತಿರುಗಿ ಅಭ್ಯಾಸದಂತೆ ಅಕ್ಕನನ್ನು ನೋಡಿದರು. ನಾನು ಚೀಲ ಕೆಳಗಿಟ್ಟು ಅಕ್ಕನ ಕೈಯಿಂದ ತಂಬಿಗೆ ಕಿತ್ತುಕೊಂಡು ಬಂಡೆಯ ಮೇಲೆ ಇಟ್ಟೆ. ನೆರಳಲ್ಲ, ನನ್ನ ಎರಡೂ ಕೈ ಅದಕ್ಕೆ ತಾಗಿತು. ಅಕ್ಕನ ಹೆಗಲು ಒತ್ತಿ ಕೂರಿಸಿ ಕಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.

ಹೆಬ್ಬೆರಳಿನ ಬುಡದಲ್ಲಿ ಕಂದು ಬಾಟಲಿಯ ಗಾಜು ಅರ್ಧ ಒಳಗೆ ಹೋಗಿ ನಿಂತಿತ್ತು. ವಾರ ವಾರ ಬೈಕಿನಲ್ಲಿ ಬಂದು ಗುಡ್ಡ ಹತ್ತಿ ಕುಡಿದು ಬಂಡೆಗೆ ಬಾಟಲಿ ಒಡೆದು ಹೋಗುತ್ತಾರಲ್ಲ, ಅವರದ್ದು. ಅವರ ಮನೆಯ ನಡುಮನೆಯಲ್ಲಿ ನಾನು ಹೋಗಿ ಗಾಜು ಚೆಲ್ಲಿ ಬರಬೇಕು ಅನ್ನಿಸುತ್ತದೆ. ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಗಾಜು ಎಳೆದೆ. ಅಕ್ಕನ ಮುಖ ನೋಡಿದೆ. ಅವರು ನಾನು ಯಾರದೋ ಕಾಲಿನಿಂದ ತೆಗೆಯುತ್ತಿದ್ದೇನೆ ಎಂಬಂತೆ ಬಗ್ಗಿ ನೋಡುತ್ತಿದ್ದರು.

"ಅಯ್ಯೋ, ಇಷ್ಟ್ ದೊಡ್ಡದಾ?" ಎಂದರು.

ಚೀಲದಲ್ಲಿದ್ದ ಬಟ್ಟೆ ಎಂದರೆ ಪಂಚೆ ಒಂದೇ. ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದೆ.

"ಏಯ್, ಅದು ದೇವರ ಪಂಚೆ" ಎಂದರು ಬಾವ. ಇದು ನನಗೇ ನೇರವಾಗಿ ಹೇಳಿದ್ದು. ಮದುವೆಯಾಗಿ ಬಂದಮೇಲೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಕಲ್ಲಿಗೆ ಎಂತ ಚಳಿ ಬಾವ?" ಎಂದೆ. ಇನ್ನೊಂದು ಸಲ ಸೀಳಿದೆ. ಎರಡು ಕಾಲಿಗೂ ಮೊಣಕಾಲಿನ ಕೆಳಗಿನವರೆಗೆ ದಪ್ಪಗೆ ಸುತ್ತಿ, ಅವಲಕ್ಕಿ ಡಬ್ಬಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರುಗಳನ್ನು ಮೇಲೆ ತೊಡಿಸಿ ಗಂಟು ಹಾಕಿದೆ. "ಅಕ್ಕನಿಗೆ ಕಾಲಿನ ಸ್ಪರ್ಶ ಹೋಗಿದೆ. ಮೊನ್ನೆ ಕೆಂಡ ತುಳಿದ್ರೂ ಗೊತ್ತಾಗ್ಲಿಲ್ಲ. ಅದು ಭಕ್ತಿ ಅಲ್ಲ, ಶುಗರ್. ಇಳಿಯಾಣ."

ಕೆಳಮನೆಯ ಚಿಕ್ಕವನು, "ಅಣ್ಣ, ನಾನು ಅತ್ತಿಗೇರ್ ಸಂಗಡ ಇಳೀತೀನಿ" ಎಂದ. ಬಾವ ಮೇಲೆ ನೆತ್ತಿಯ ಕಡೆ ನೋಡಿದರು, ಕೆಳಗೆ ತೋಟದ ಕಡೆ ನೋಡಿದರು, ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ. "ಇಷ್ಟು ಹತ್ತಿರ ಬಂದು ಬಿಡೋಕಾಗುತ್ತಾ? ನೀನು ಬಾ, ಕಾಯಿ ಹೊರೋಕೆ ಜನ ಬೇಕು. ಇಬ್ರು ಹೆಂಗಸ್ರೂ ನಿಧಾನ ಇಳೀಲಿ. ನಾವು ಮುಗಿಸಿ ಬಂದ್ಬಿಡ್ತೀವಿ" ಎಂದರು. ತಂಬಿಗೆಯನ್ನು ತಾವೇ ಎತ್ತಿಕೊಂಡರು. ನಾನು ಮುಟ್ಟಿದ ನೀರು ಅಷ್ಟು ಹೊತ್ತಿಗೆ ಶುದ್ಧವಾಗಿತ್ತು ಎಂದು ಕಾಣುತ್ತದೆ.

ಮಕ್ಕಳೇ, ಗುಡ್ಡದಲ್ಲಿ ವಾಪಸ್ ಬಂದವರು ಯಾರು, ಬಿಟ್ಟು ಹೋದವರು ಯಾರು ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ.

ಏರುವುದಕ್ಕಿಂತ ಇಳಿಯುವುದು ಕಷ್ಟ. ನಾನು ಸೀರೆಯನ್ನು ಕಚ್ಚೆ ಹಾಕಿ ಮುಂದೆ ಇಳಿದೆ. ಹಿಮ್ಮಡಿಯಿಂದ ಗುದ್ದಿ ಗುದ್ದಿ ಆಲಿಕಲ್ಲಿನಲ್ಲಿ ಗುಳಿ ಮಾಡುವುದು, ಆ ಗುಳಿಯಲ್ಲಿ ಅಕ್ಕನ ಕಾಲನ್ನು ಕೈಯಿಂದ ಹಿಡಿದು ಇಡಿಸುವುದು. ಕಾಲು ಎಲ್ಲಿದೆ ಎಂದು ಅವರಿಗೆ ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ಹುಲ್ಲಿನ ತುದಿ ಹಿಡಿದರೆ ಕಿತ್ತು ಬರುತ್ತದೆ, ಬುಡ ಹಿಡಿಯಿರಿ ಎಂದು ಹೇಳಿಕೊಟ್ಟೆ. ಬಂಡೆ ಬಂದ ಕಡೆ ಇಬ್ಬರೂ ಕೂತು ಜಾರಿದೆವು. ನನ್ನ ಸೀರೆ ಹರಿಯಿತು. ಒಂದು ಕಡೆ ಅಕ್ಕ ಪೂರ್ತಿ ನನ್ನ ಮೇಲೆ ಬಿದ್ದು ಇಬ್ಬರೂ ಒಂದು ಕಾರೆಮುಳ್ಳಿನ ಪೊದೆಗೆ ಹೋಗಿ ನಿಂತೆವು. ಅಲ್ಲಿಯೇ ಅಕ್ಕ ನಗತೊಡಗಿದರು.

"ಎಂತಕ್ಕೆ ನಗ್ತೀರಿ?"

"ಅವ್ರು ಹೊಗಳಿದ್ದು ಕೇಳ್ದ್ಯಾ?"

"ಕೇಳ್ದೆ."

"ಮದುವೆ ಆದಾಗಿಂದ ಇವತ್ತೇ ಕಣೇ ಮೊದ್ಲು. ನೀನು ಪೂರ್ತಿ ಕೇಳೋಕೂ ಬಿಡ್ಲಿಲ್ಲ."

ನನಗೆ ಅಷ್ಟು ಸಿಟ್ಟು ಬಂತು, ಅವರನ್ನು ಅಲ್ಲಿಯೇ ಬಿಟ್ಟು ಇಳಿದುಬಿಡೋಣ ಅನ್ನಿಸಿತು. ಬಿಡಲಿಲ್ಲ. ಅವರ ಕಾಲು ನನ್ನ ಕೈಯಲ್ಲಿತ್ತು. ಪಂಚೆಯ ಬಿಳಿಯಲ್ಲಿ ಕೆಂಪು ಹರಡುತ್ತಾ ಅಂಚಿನ ಕೆಂಪಿಗೆ ಸೇರುತ್ತಿತ್ತು. ಶೋಲದ ಅಂಚಿಗೆ ಬಂದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ನಿಮ್ಮ ಅಪ್ಪ ಮೆಣಸಿನ ಕೊಯ್ಲು ಬಿಟ್ಟು ಪಿಕಪ್ ತಂದ. ನಾವು ಹೊರಡುವ ಹೊತ್ತಿಗೆ ಮೇಲಿನಿಂದ ಜಾಗಟೆಯ ಸದ್ದು ಕೇಳುತ್ತಿತ್ತು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮರುದಿನ ಡಾಕ್ಟರು ಕಾಲು ನೋಡಿ ಕೇಳಿದರು, "ಶುಗರ್ ಇರೋರನ್ನ ಐಸ್ ಮೇಲೆ ಬರಿಗಾಲಲ್ಲಿ ಕರ್ಕೊಂಡ್ ಹೋಗಿದ್ದು ಯಾರು?" ಬಾವ ಅಷ್ಟರಲ್ಲಿ ಬಂದಿದ್ದರು. ನನ್ನ ಕಡೆ ನೋಡಿದರು. ಡಾಕ್ಟರೂ ನನ್ನ ಕಡೆ ನೋಡಿ, "ಎಂತಮ್ಮ, ಮನೆಯಲ್ಲಿರೋ ಹೆಂಗಸ್ರಿಗಾದ್ರೂ ಗೊತ್ತಾಗ್ಬೇಡ್ವಾ" ಎಂದು ಬೈದರು. ನಾನು ಬೈಸಿಕೊಂಡೆ. ಅಕ್ಕನ ಮುಂದೆ ಜಗಳ ಬೇಡ ಎಂದು ಬಾಯಿ ಮುಚ್ಚಿಕೊಂಡೆ.

ಗಾಯ ಮಾಗಲಿಲ್ಲ. ಹೆಬ್ಬೆರಳು ಕಪ್ಪಾಯಿತು, ತೆಗೆದರು. ಆಮೇಲೆ ಪಾದವೂ ಹೋಗಬಹುದು ಎಂದರು. ಹೂಮಳೆ, ಅದರ ಬೆನ್ನಿಗೆ ಬರುವ ಮಳೆ ಎಲ್ಲ ಮುಗಿದು ಮುಂಗಾರು ಹಿಡಿಯುವವರೆಗೆ ನಾನು ದಿನಾ ಆ ಗಾಯ ತೊಳೆದು ಬಟ್ಟೆ ಕಟ್ಟಿದೆ. ಬೆಳಿಗ್ಗೆ ಬಟ್ಟೆ ಬಿಚ್ಚುವಾಗ ಒಳಗೆ ಯಾವ ಬಣ್ಣ ಇರುತ್ತದೋ ಎಂದು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಪಾದ ಉಳಿಯಿತು. ಅಷ್ಟರಲ್ಲಿ ನಮ್ಮ ತೋಟದ ಮೇಲಿನ ಬ್ಲಾಕಿನ ಮೊಗ್ಗೆಲ್ಲ ಆಲಿಕಲ್ಲಿಗೆ ಉದುರಿದ್ದು ಯಾಕೆ ಎಂಬುದಕ್ಕೆ ಬಾವ ಕಾರಣ ಕಂಡುಹಿಡಿದಿದ್ದರು. ದೇವರ ಪಂಚೆ ಹರಿದದ್ದಕ್ಕೆ. ಆಲಿಕಲ್ಲು ಮೊದಲು ಬಿದ್ದಿದ್ದು, ಪಂಚೆ ಆಮೇಲೆ ಹರಿದದ್ದು. ಅದನ್ನು ಯಾರೂ ಅವರಿಗೆ ಹೇಳಲಿಲ್ಲ. ಕೆಳಮನೆಯವರು ಆಗಲೂ ತಲೆದೂಗಿದರಂತೆ.

ಇನ್ನು ಮುಂದೆ ಮನೆಯ ಒಳಗೂ ಬರಿಗಾಲಲ್ಲಿ ನಡೆಯಬಾರದು ಎಂದು ಡಾಕ್ಟರು ಹೇಳಿದ್ದರು. ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆಯ ಚಪ್ಪಲಿಯನ್ನು ನಾನೇ ಮೂಡಿಗೆರೆಯಿಂದ ತರಿಸಿದೆ. ಅಕ್ಕ ಅದನ್ನು ಹಾಕಿಕೊಂಡು ಅಡುಗೆಮನೆಗೆ ಕಾಲಿಟ್ಟ ದಿನ ಬಾವ ತಟ್ಟೆ ಬಿಟ್ಟು ಎದ್ದರು.

"ಒಲೆ ಹತ್ರ ಚಪ್ಪಲಿ ಬರೋದಾದ್ರೆ ನಾನು ಈ ಮನೇಲಿ ಉಣ್ಣಲ್ಲ."

ಅಕ್ಕ ಗಡಬಡಿಸಿ ಚಪ್ಪಲಿ ಕಳಚಲು ಬಗ್ಗಿದರು. ನಾನು ಬಾಗಿಲಲ್ಲಿದ್ದೆ. "ಕಳಚಬೇಡಿ ಅಕ್ಕ" ಎಂದೆ. ಆಮೇಲೆ ಬಾವನಿಗೆ, ನೇರವಾಗಿ, "ನಮ್ಮನೇಲಿ ಉಣ್ಣಿ ಬಾವ, ಎಲೆ ಹಾಕ್ತೀನಿ. ಅಲ್ಲೂ ಅಕ್ಕನಿಗೆ ಅಂತ ಒಂದ್ ಜೊತೆ ಚಪ್ಪಲಿ ಒಲೆ ಹತ್ರಾನೇ ಇಟ್ಟಿದೀನಿ" ಎಂದೆ.

ಅವರು ಬಹಳ ದಿನ ಜಗಲಿಯಲ್ಲಿ ಕೂತು ಉಂಡರು. ಆಷಾಢದಲ್ಲಿ ಇರಚಲು ಹೊಡೆದು ತಟ್ಟೆಯ ಸಾರು ನೀರಾಗತೊಡಗಿದ ಮೇಲೆ ಒಳಗೆ ಬಂದರು. ಅಕ್ಕ ಟಪಟಪ ಸದ್ದು ಮಾಡುತ್ತಾ ಬಂದು ಬಡಿಸಿದರು. ಬಾವ ತಟ್ಟೆ ನೋಡುತ್ತಾ, "ಉಪ್ಪು ಕಮ್ಮಿ" ಎಂದರು. ಅಷ್ಟೇ. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಒಂದು ಬೆರಳು ಹೋ‌ದ ಮೇಲೆ ಒಂದು ಜೊತೆ ಚಪ್ಪಲಿ ಒಳಗೆ ಬಂತು. ಇದರಲ್ಲಿ ಗೆಲುವು ಎಲ್ಲಿದೆಯೋ ನನಗೆ ಕಾಣುವುದಿಲ್ಲ.

ಆದರೂ ನೆಂಟರು ಬಂದಾಗಲೆಲ್ಲ ಬಾವ ಆ ಕತೆ ಶುರುಮಾಡುತ್ತಾರೆ. ಅಕ್ಕ ಪಕ್ಕದಲ್ಲಿ ಕೂತು, ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡು, ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಗಾಜಿನ ಮಾತು ಬರುವುದಿಲ್ಲ. ಬೆರಳಿನ ಮಾತು ಬಂದರೆ ಅದು ಬೇರೆ ಕಾಯಿಲೆ. ನಿಮ್ಮ ಮುಂದೆ ಹೇಳಿದ್ದೂ ಅದೇ ಕತೆ. ನನಗೆ ಬಾವನ ಮೇಲೆ ಇರುವಷ್ಟೇ ಸಿಟ್ಟು ಅಕ್ಕನ ಮೇಲೂ ಇದೆ ಎಂದು ಇವತ್ತು ಬರೆಯುವಾಗ ಗೊತ್ತಾಗುತ್ತಿದೆ.

ಅಕ್ಕ ಈಗ ಗುಡ್ಡ ಹತ್ತುವುದಿಲ್ಲ. ಮುತ್ತೈದೆ ಇಲ್ಲದಿದ್ದರೆ ಕನ್ಯೆಯೂ ಆಗುತ್ತದೆ, ಬರುವ ವರ್ಷ ತಂಬಿಗೆಯನ್ನು ನಿಮ್ಮಲ್ಲಿ ದೊಡ್ಡವಳ ಕೈಗೆ ಕೊಡುವುದು ಎಂದು ಬಾವ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಮಗಳೇ, ಗುಡ್ಡ ಚೆನ್ನಾಗಿದೆ, ಹೋಗುವುದಾದರೆ ಹೋಗು. ಶೂ ಹಾಕಿಕೊಂಡು ಹೋಗು. ಕೊಡೆ ಒಯ್ಯಿ. ಮೋಡ ಕಡುನೀಲಿಯಾಗಿ ಗಾಳಿ ಫ್ರಿಜ್ಜಿನ ಹಾಗೆ ಬಂದರೆ ಯಾರನ್ನೂ ಕೇಳದೆ ತಿರುಗು. ನಿನ್ನ ಕಾಲು ತಣ್ಣಗಾದರೆ ಕುಣಿ, ನೋವಾದರೆ ಕೂಗು. ಯಾರಾದರೂ ಹೊಗಳಿದರೆ ಮೊದಲು ಕೆಳಗೆ ನೋಡಿಕೋ.

ನಿನ್ನೆ ಸಂಜೆಯೂ ಎಂದಿನಂತೆ ಅಕ್ಕನ ಕಾಲು ನೋಡಲು ಹೋಗಿದ್ದೆ. ದಿನಾ ಹೀಗೆ ಅಂಗಾಲು ಪರೀಕ್ಷೆ ಮಾಡಬೇಕು, ಹೊಸ ಗಾಯ ಇದ್ದರೆ ಅವರಿಗೆ ತಿಳಿಯುವುದಿಲ್ಲ. ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳಿನಿಂದ ಒತ್ತಿ ನೋಡೋಣವೆಂದು ಕನ್ನಡಕ ಸರಿಮಾಡಿಕೊಂಡೆ.

"ಗೊತ್ತಾಗುತ್ತಾ ಅಕ್ಕ?" ಎಂದೆ.

"ಗೊತ್ತಾಗುತ್ತೆ ಕಣೇ, ಚೆನ್ನಾಗಿ ಗೊತ್ತಾಗುತ್ತೆ" ಎಂದರು.

ನಾನು ಇನ್ನೂ ಒತ್ತಿರಲಿಲ್ಲ.